ಗಣಕ ಪ್ರಶ್ನೋತ್ತರ: ರಿಕವರಿ ಪಾರ್ಟಿಶನ್ ಯಾರದು, ಬ್ಯಾಕಪ್ ಎಲ್ಲಿರಬೇಕು?

ಪ್ರಶ್ನೆ: ನಮ್ಮ ಕಾಫಿ ತೋಟದ ಲೆಕ್ಕಪತ್ರ, ಕೆಲಸದವರ ಬಟವಾಡೆ ಪಟ್ಟಿ, ಕರಿಮೆಣಸಿನ ಬಿಲ್ಲುಗಳು, ಪಹಣಿಯ ಸ್ಕ್ಯಾನ್ ಪ್ರತಿಗಳು ಎಲ್ಲವೂ ಒಂದೇ ವಿಂಡೋಸ್ ಲ್ಯಾಪ್‌ಟಾಪಿನಲ್ಲಿವೆ. ಅದರಲ್ಲಿ ‘ರಿಕವರಿ’ ಎಂಬ ಹೆಸರಿನ ‘ಡಿ’ ಡ್ರೈವ್ ಇರುವುದರಿಂದ ಬ್ಯಾಕಪ್ ಅಲ್ಲಿಗೇ ಹೋಗುವಂತೆ ಮಾಡಿದ್ದೆವು. ಈಗ ಅದು ತುಂಬಿ ಕೆಂಪು ಪಟ್ಟಿ ತೋರಿಸುತ್ತಿದೆ. ಅದರಲ್ಲಿರುವುದನ್ನು ಅಳಿಸಬಹುದೇ? ಬ್ಯಾಕಪ್ಪನ್ನು ಎಲ್ಲಿಡುವುದು ಸೂಕ್ತ?
– ಓದುಗರು, ನಾಪೋಕ್ಲು

ಉತ್ತರ: ಸದ್ಯಕ್ಕೆ ಏನನ್ನೂ ಅಳಿಸಬೇಡಿ. ಕಂಪ್ಯೂಟರ್ ತಯಾರಿಸಿದ ಕಂಪನಿಯು ಲ್ಯಾಪ್‌ಟಾಪನ್ನು ಮಾರುವಾಗ ಅದು ಹೇಗಿತ್ತೋ ಅದೇ ಸ್ಥಿತಿಗೆ ಮರಳಿಸಲು ಬೇಕಾದ ಕಡತಗಳನ್ನು ಡಿಸ್ಕಿನ ಒಂದು ಭಾಗದಲ್ಲಿ ತುಂಬಿಸಿಟ್ಟಿರುತ್ತದೆ. ಅದೇ ರಿಕವರಿ ಪಾರ್ಟಿಶನ್. ಅದರ ಅಳತೆಯನ್ನು ಆ ಕಡತಗಳಿಗೆ ತಕ್ಕಷ್ಟೇ ಇಟ್ಟಿರುವುದರಿಂದ ಹೊಸ ಯಂತ್ರದಲ್ಲಿಯೂ ಅದು ಬಹುಪಾಲು ತುಂಬಿಯೇ ಇರುತ್ತದೆ. ನಿಮ್ಮ ಲೆಕ್ಕದ ಒಂದು ಸಾಲೂ ಅದರಲ್ಲಿ ತಾನಾಗಿ ಸೇರುವುದಿಲ್ಲ. ಅಷ್ಟೇ ಅಲ್ಲ, ಅದನ್ನು ಬಳಸಿ ಯಂತ್ರವನ್ನು ಮೊದಲಿನ ಸ್ಥಿತಿಗೆ ತಂದರೆ, ನೀವು ಆಮೇಲೆ ಹಾಕಿಕೊಂಡ ತಂತ್ರಾಂಶಗಳೂ ಕಡತಗಳೂ ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ‘ರಿಕವರಿ’ ಎಂಬ ಹೆಸರು ನೋಡಿ ನಮ್ಮ ದಾಖಲೆಗಳೇ ಮರಳಿ ಸಿಗುತ್ತವೆಂದು ನಂಬುವವರು ಬಹಳ ಮಂದಿಯಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಬ್ಯಾಕಪ್ ಅದರೊಳಗೆ ಸೇರಿರುವುದನ್ನು ಗುರುತಿಸುವುದು ಕಷ್ಟವಲ್ಲ. ‘ಡಿ’ ಡ್ರೈವ್ ತೆರೆದಾಗ ನಿಮ್ಮ ಕಂಪ್ಯೂಟರಿನ ಹೆಸರಿನದೇ ಒಂದು ಫೋಲ್ಡರ್, ಅಥವಾ ‘ವಿಂಡೋಸ್‌ಇಮೇಜ್‌ಬ್ಯಾಕಪ್’ ಎಂಬ ಫೋಲ್ಡರ್ ಕಂಡರೆ ಅದು ವಿಂಡೋಸಿನ ಹಳೆಯ ಬ್ಯಾಕಪ್ ಸೌಲಭ್ಯ ಬರೆದಿಟ್ಟದ್ದು. ಮೊದಲು ಹೊರಗಿನ ಡಿಸ್ಕಿನಲ್ಲಿ ಹೊಸದಾಗಿ ಬ್ಯಾಕಪ್ ಮಾಡಿ, ಅದರಿಂದ ಒಂದೆರಡು ಕಡತಗಳನ್ನು ಮರಳಿ ಪಡೆದು ತೆರೆದು ನೋಡಿ, ಆಮೇಲೆ ಆ ಫೋಲ್ಡರುಗಳನ್ನು ಮಾತ್ರ ಅಳಿಸಿ. ಉಳಿದದ್ದನ್ನು ಮುಟ್ಟುವುದು ಬೇಡ.

ಇನ್ನು ಜಾಗದ ಮಾತು. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದರೆ, ‘ಸಿ’ ಮತ್ತು ‘ಡಿ’ ಎರಡೂ ‘ಡಿಸ್ಕ್ 0’ ಎಂಬ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕಾಣುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಅವು ಒಂದೇ ಕಣಜಕ್ಕೆ ನಡುವೆ ಹಲಗೆ ನಿಲ್ಲಿಸಿ ಮಾಡಿದ ಎರಡು ಅರೆಗಳಿದ್ದಂತೆ: ಡಿಸ್ಕ್ ಕೆಟ್ಟರೆ, ಲ್ಯಾಪ್‌ಟಾಪ್ ಕಳವಾದರೆ, ಮೂಲವೂ ನಕಲೂ ಒಟ್ಟಿಗೇ ಹೋಗುತ್ತವೆ. ಆದ್ದರಿಂದ ಒಂದು ಪ್ರತಿ ಯಂತ್ರದ ಹೊರಗಿರಲೇಬೇಕು. ನೀವು ಹೇಳಿದ ದಾಖಲೆಗಳಿಗೆ 1 ಟಿಬಿಯ ಹೊರ ಹಾರ್ಡ್‌ಡಿಸ್ಕ್ ಧಾರಾಳವಾಯಿತು. ಬ್ಯಾಕಪ್ ಮುಗಿದೊಡನೆ ಅದನ್ನು ಕಳಚಿಡಿ. ಚುಚ್ಚಿದಂತೆಯೇ ಬಿಟ್ಟರೆ ಹೂಮಳೆಯ ಕಾಲದ ಸಿಡಿಲಾಗಲಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಆಗಲಿ, ಎರಡನ್ನೂ ಒಮ್ಮೆಗೇ ಹಾಳುಮಾಡಬಹುದು. ಮಳೆಗಾಲದ ತೇವಕ್ಕೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಒಳ್ಳೆಯದು.

ಆದರೆ ಕೊಡಗಿನಲ್ಲಿ ಇದಿಷ್ಟೇ ಸಾಲದೆಂಬುದು ನನ್ನ ಖಚಿತ ಅಭಿಪ್ರಾಯ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಹೊರಟವು. ಕಾವೇರಿ ಉಕ್ಕಿದರೆ ನಿಮ್ಮಿಂದ ಭಾಗಮಂಡಲಕ್ಕೆ ಹೋಗುವ ರಸ್ತೆ ಮುಳುಗುವುದು ನಿಮಗೇ ಗೊತ್ತು. ಅಂಥ ಹೊತ್ತಿನಲ್ಲಿ ಕಪಾಟಿನಲ್ಲಿರುವ ಡಿಸ್ಕನ್ನು ಯಾರೂ ನೆನೆಯುವುದಿಲ್ಲ, ನೆನೆಯಬೇಕಾಗಿಯೂ ಇಲ್ಲ. ಹಾಗಾಗಿ ಎರಡನೆಯ ಡಿಸ್ಕೊಂದನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳ ಅಥವಾ ನೆಂಟರ ಮನೆಯಲ್ಲಿಡಿ, ಹೋಗಿಬರುವಾಗ ಅದಲುಬದಲು ಮಾಡಿ. ಲೆಕ್ಕದ ಕಡತಗಳಷ್ಟನ್ನೇ ಕ್ಲೌಡಿಗೆ, ಅಂದರೆ ಅಂತರಜಾಲದ ಮೂಲಕ ಬಳಸುವ ಸಂಗ್ರಹಕ್ಕೆ, ಕಳಿಸುವುದೂ ಆದೀತು. ಗೂಗಲ್ ಖಾತೆಯಲ್ಲಿ ಮೇಲ್, ಫೋಟೋಗಳೂ ಸೇರಿ 15 ಜಿಬಿ ಉಚಿತವಾಗಿದೆ. ವಾರಗಟ್ಟಲೆ ಕರೆಂಟು, ನೆಟ್‌ವರ್ಕ್ ಕೈಕೊಡುವ ಊರಿನಲ್ಲಿ ಅದೊಂದನ್ನೇ ನೆಚ್ಚಿಕೊಳ್ಳಬಾರದು. ಇನ್ನೊಂದು ಮಾತು: ಲೆಕ್ಕದ ತಂತ್ರಾಂಶಗಳು ದತ್ತಾಂಶವನ್ನು ‘ಡಾಕ್ಯುಮೆಂಟ್ಸ್’ ಬಿಟ್ಟು ಬೇರೆ ಫೋಲ್ಡರಿನಲ್ಲಿ ಇಡುವುದುಂಟು. ಅದು ಎಲ್ಲಿದೆಯೆಂದು ನೋಡಿ ಬ್ಯಾಕಪ್ಪಿಗೆ ಸೇರಿಸಿ.

ಪ್ರಶ್ನೆ: ಅಂಗಡಿಯಲ್ಲಿ ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ, ಅದಕ್ಕಿಂತ ವೇಗವಾಗಿ ಕೆಲಸ ಮಾಡುವ ಎಸ್‌ಎಸ್‌ಡಿ ಹಾಕಿಸಿದೆ. ಈಗ ಕಂಪನಿಯ ರಿಕವರಿ ಪಾರ್ಟಿಶನ್ ಕಾಣುತ್ತಿಲ್ಲ. ತೊಂದರೆಯೇ?
– ಓದುಗರು, ವಿರಾಜಪೇಟೆ

ಉತ್ತರ: ಅದು ಹಳೆಯ ಡಿಸ್ಕಿನಲ್ಲೇ ಉಳಿದಿದೆ, ಚಿಂತೆ ಬೇಡ. ಈಗಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ವಿಂಡೋಸಿನ ಪರವಾನಗಿ ಡಿಸ್ಕಿಗಲ್ಲ, ಯಂತ್ರದ ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ಹೊಂದಿಕೊಂಡಿರುತ್ತದೆ. ಮೈಕ್ರೋಸಾಫ್ಟ್ ಜಾಲತಾಣದಿಂದ ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ, ವಿಂಡೋಸನ್ನು ಮತ್ತೆ ಹಾಕಿಕೊಳ್ಳಲು ಬೇಕಾದ ಇನ್‌ಸ್ಟಾಲೇಶನ್ ಮೀಡಿಯಾ ಇಳಿಸಿಕೊಂಡರೆ ಸಾಕು. ಡಿಸ್ಕಿನಲ್ಲಿರುವುದನ್ನು ಬೇರೆಯವರು ಓದಲಾಗದಂತೆ ಬೀಗ ಹಾಕಿಡುವ ವಿಂಡೋಸಿನ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ, ಆ ಬೀಗ ತೆರೆಯಲು ಬೇಕಾಗಬಹುದಾದ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು, ಲ್ಯಾಪ್‌ಟಾಪಿನ ಚೀಲದಲ್ಲಿ ಅಲ್ಲದೆ ಬೇರೆಡೆ ಇಟ್ಟುಕೊಳ್ಳಿ.