ಚಂದ್ರಗಿರಿ ಹೊಳೆಯ ಬಡಗು ದಡದಿಂದ

ಕರ್ನಾಟಕ-ಕೇರಳದ ಗಡಿ ತಲಪಾಡಿಯಲ್ಲಿರುವಾಗ ಕಾಸರಗೋಡಿನವರು ಚಂದ್ರಗಿರಿ ಹೊಳೆಯನ್ನು ಗಡಿ ಎನ್ನುವುದೇಕೆ ಎಂದು ಕೇಳಿದ್ದೀರಿ. ಮಂಗಳೂರಿನಿಂದ ತೆಂಕಕ್ಕೆ ಹೊರಟ ಬಸ್ಸು ತಲಪಾಡಿಯಲ್ಲಿ ಕೇರಳವನ್ನು ಹೊಕ್ಕು, ಮಂಜೇಶ್ವರ, ಉಪ್ಪಳ, ಕುಂಬಳೆಗಳನ್ನು ದಾಟಿ, ಸುಮಾರು 30 ಕಿ.ಮೀ. ಸಾಗಿದ ಮೇಲೆ ಕಾಸರಗೋಡು ಪೇಟೆ ಸಿಗುತ್ತದೆ. ಆ ಪೇಟೆಯನ್ನು ಮೂಡಣ ಮತ್ತು ತೆಂಕಣ ಬದಿಗಳಿಂದ ಬಳಸಿಕೊಂಡು ಕಡಲು ಸೇರುವುದೇ ಈ ಹೊಳೆ.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಇಳಿದು ಬರುವಾಗ ಇದರ ಹೆಸರು ಪಯಸ್ವಿನಿ, ಕೆಳಗೆ ಚಂದ್ರಗಿರಿ. ಒಟ್ಟು ಉದ್ದ ಸುಮಾರು 105 ಕಿ.ಮೀ. ದೊಡ್ಡ ನದಿಯೇನಲ್ಲ, ಆದರೂ 16 ಕಿ.ಮೀ.ಗೇ ಮುಗಿದುಹೋಗುವ ಮಂಜೇಶ್ವರ ಹೊಳೆಯ ಮುಂದೆ ಇದು ಹಿರಿಯಣ್ಣ. ಮಳೆಗಾಲದಲ್ಲಿ ಮುರಕಲ್ಲಿನ ಗುಡ್ಡೆಗಳ ಕೆಂಪು ನೀರನ್ನೆಲ್ಲ ಹೊತ್ತು ಅಳಿವೆಯತ್ತ ನುಗ್ಗುವ ಈ ಹೊಳೆ ಬೇಸಗೆಯಲ್ಲಿ ಎಷ್ಟು ಸೊರಗುತ್ತದೆಂದರೆ, ಉಬ್ಬರದ ಹೊತ್ತಿನಲ್ಲಿ ಕಡಲ ನೀರು ಬಹುದೂರ ಒಳಕ್ಕೆ ಏರಿ ಬರುತ್ತದೆ. ಪೇಟೆಗೆ ಕುಡಿಯುವ ನೀರೆತ್ತುವ ಬಾವಿಕ್ಕೆರೆಯಲ್ಲಿ ಶಾಶ್ವತ ತಡೆಗೋಡೆ ಏಳುವ ಮೊದಲು ಬೇಸಗೆಯಲ್ಲಿ ಮರಳಿನ ಚೀಲ ಪೇರಿಸಿ ಕಟ್ಟ ಹಾಕುತ್ತಿದ್ದರು. ಅದು ಕೈಕೊಟ್ಟಾಗ ನಳ್ಳಿ ನೀರಿನಲ್ಲಿ ಕಾಸಿದ ಚಹಾವೂ ಉಪ್ಪಾಗುತ್ತಿತ್ತು.

ತುಳುನಾಡು ಈ ಹೊಳೆಗೆ ಮುಗಿದು ಮಲೆಯಾಳ ಇಲ್ಲಿಂದ ತೊಡಗುತ್ತದೆ ಎಂಬ ತಿಳಿವಳಿಕೆ ಬಹಳ ಹಳೆಯದು. ನಾಯರ್ ಹೆಂಗಸರು ಹೊಳೆ ದಾಟಿ ಬಡಗಕ್ಕೆ ಹೋಗಬಾರದೆಂಬ ಕಟ್ಟಳೆ ಇತ್ತೆಂದು ಬ್ರಿಟಿಷರ ಕಾಲದ ಬರಹಗಳಲ್ಲಿದೆ. ಆದರೆ ಸರಕಾರಗಳು ಎಳೆದ ಗೆರೆ ಮಾತ್ರ ಬ್ರಿಟಿಷರ ಕಾಲದಿಂದ ಈಚೆಗೆ ಈ ನೀರಿನ ಮೇಲೆ ನಿಂತದ್ದಿಲ್ಲ. ಮದರಾಸು ಆಡಳಿತದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಹೊಳೆಯಾಚೆ ತೃಕ್ಕರಿಪುರದವರೆಗೂ ಚಾಚಿತ್ತು. 1956ರ ನವೆಂಬರ್ 1ರಂದು ಇಡೀ ತಾಲೂಕು ಕೇರಳಕ್ಕೆ ಸೇರಿ, ಗೆರೆ ಒಮ್ಮೆಲೇ ಹೊಳೆಯ ತಲೆಯ ಮೇಲಿಂದ ಹಾರಿ ತಲಪಾಡಿಗೆ ಬಂದು ಕುಳಿತಿತು. ಚಂದ್ರಗಿರಿಯ ಬಡಗಣ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತಾದರೂ ಅದು ಜಾರಿಗೆ ಬರಲಿಲ್ಲ. ಹೀಗಾಗಿ ನಾವು ಗಡಿ ಎನ್ನುವಾಗ ಯಾವ ನಕ್ಷೆಯಲ್ಲೂ ಇಲ್ಲದ ಗಡಿಯೊಂದರ ಮಾತಾಡುತ್ತಿರುತ್ತೇವೆ.

ಹಾಗೆಂದು ಹೊಳೆಯ ಈಚೆ ಬರಿಯ ಕನ್ನಡ, ಆಚೆ ಬರಿಯ ಮಲೆಯಾಳ ಎಂದು ಭಾವಿಸಬೇಡಿ. ಈಚೆಯ ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿಯ ಸುತ್ತ ಕೇಳುವುದು ಹೆಚ್ಚಾಗಿ ಮಲೆಯಾಳವೇ. ಆಚೆ ದಡದ ಗುಡ್ಡೆಯ ಮೇಲಿರುವ ಚಂದ್ರಗಿರಿ ಕೋಟೆ ಕೆಳದಿಯ ನಾಯಕರು ಕಟ್ಟಿಸಿದ್ದು. ಇನ್ನೂ ತೆಂಕಕ್ಕೆ ಹೋದರೆ ಕಾಞಂಗಾಡಿನ ತಾಲೂಕಿಗೆ ಇಂದಿಗೂ ಹೊಸದುರ್ಗವೆಂಬ ಕನ್ನಡದ ಹೆಸರಿದೆ. ತಾಯಿಯ ಬಳಿಯಲ್ಲಿ ಆಸ್ತಿ ಇಳಿದು ಬರುತ್ತಿದ್ದ ಪದ್ಧತಿಯನ್ನು ನಾವು ಅಳಿಯಸಂತಾನವೆಂದರೆ ಅವರು ಮರುಮಕ್ಕತ್ತಾಯ ಎನ್ನುತ್ತಾರೆ. ನಮ್ಮಲ್ಲಿ ಭೂತಕೋಲ, ಅಲ್ಲಿ ತೆಯ್ಯಂ. ಮುಖವರ್ಣಿಕೆ ಬೇರೆ, ದೈವದ ಕತೆ ಹೇಳುವ ಹಾಡು ಪಾಡ್ದನದ ಬದಲು ತೋಟ್ಟಂ ಪಾಟು; ಆದರೆ ನಮ್ಮ ಪಂಜುರ್ಲಿ ಅಲ್ಲಿ ಪಂಚುರುಳಿಯಾಗಿ, ಗುಳಿಗ ಗುಳಿಕನ್ ಆಗಿ ಅದೇ ತೆಂಗಿನ ಗರಿಯ ಸಿರಿ ಉಟ್ಟು ಕುಣಿಯುತ್ತಾರೆ.