ಕ್ಯಾನಾ ಗಿಡ ಹಚ್ಚಿದ್ರ ಗಟಾರದ ನೀರು ಸ್ವಚ್ಛ ಆಗತೈತೇನು?

ನಿಮ್ಮ ಓಣಿ ಬಚ್ಚಲ ನೀರೆಲ್ಲಾ ಕೆರಿಗೆ ಸೇರತೈತಿ, ದಂಡಿಗೆ ಕ್ಯಾನಾ (ಬಾಳಿ ಹಂಗ ಅಗಲ ಎಲಿ ಇರೋ ಹೂವಿನ ಗಿಡ) ಹಚ್ಚಿದ್ರ ನೀರು ಶುದ್ಧ ಆಗತೈತೇನು, ಜಾಗ ಎಷ್ಟು ಬೇಕು, ಆಮ್ಯಾಲ ಆ ನೀರು ಕುಡಿಬಹುದಾ ಅಂತ ಕೇಳೀರಿ. ಕಡೀ ಪ್ರಶ್ನೆಗೆ ಮೊದಲ ಹೇಳಿಬಿಡ್ತೀನಿ, ಕುಡಿಯಾಕ ಬರಂಗಿಲ್ರಿ. ಗಟಾರದ ನೀರಿನಾಗ 100 ಮಿಲಿಗೆ 1 ಕೋಟಿ ಕೋಲಿಫಾರ್ಮ್ (ಮಲದ ಹೊಲಸು ಸೇರೇತಿ ಅಂತ ತೋರಿಸೋ ಬ್ಯಾಕ್ಟೀರಿಯಾ) ಇದ್ವು ಅಂದ್ಕೊಳ್ರಿ, ಅದರಾಗ ನೂರಕ್ಕ 99 ಹೋದ್ರೂ ಇನ್ನೂ 1 ಲಕ್ಷ ಉಳೀತಾವ. ನೀರು ಕಣ್ಣಿಗೆ ತಿಳಿ ಕಾಣತೈತಿ, ವಾಸನಿ ಇರಂಗಿಲ್ಲ, ಅದಕ್ಕ ಮಂದಿ ಮೋಸ ಹೋಗ್ತಾರ.

ನಾನು ಇಂಜಿನಿಯರ್ ಅಲ್ಲ. ಕೊಪ್ಪಳ ಕಡೆ ಹಳ್ಳಿ ನಮ್ದು, ತೆಗ್ಗಿನಾಗ ಸಣ್ಣ ಕಲ್ಲು ತುಂಬಿ, ಕ್ಯಾನಾ ಹಚ್ಚಿ, ಹೊಲಸು ನೀರು ಅದರೊಳಗ ಹಾಯಿಸೋ ಪದ್ಧತಿ ಮನಿ ಹಿತ್ತಲದಾಗ ಮಾಡೀನಿ, ಒಮ್ಮೆ ಕೆಡಿಸ್ಕೊಂಡು ಮತ್ತ ಮಾಡೀನಿ, ಹಂಗಾಗಿ ಹೇಳಾಕತ್ತೀನಿ.

ಎಲ್ಲಾರೂ ಗಿಡಾನ ನೀರು ತೊಳೀತೈತಿ ಅಂತ ತಿಳ್ಕೊಂಡಾರ. 1950ರ ದಶಕದಾಗ ಜರ್ಮನಿಯೊಳಗ ಕೇಟೆ ಸೈಡೆಲ್ ಅನ್ನೋ ವಿಜ್ಞಾನಿ ಜೊಂಡು ಜಾತಿ ಗಿಡ ಇಟ್ಕೊಂಡು ಇದನ್ನ ಶುರು ಮಾಡಿದಾಗ ಆಕಿಗೂ ಗಿಡದ ಮ್ಯಾಲ ಭಾಳ ಭರವಸೆ ಇತ್ತು. ಆದ್ರ ಗಿಡ ತಾನು ಹೀರೂದು ಸಣ್ಣ ಪಾಲು. ಹೊಲಸು ತಿನ್ನೂದು ಖಡಿಗೆ (ನೀವು ಜಲ್ಲಿ ಅಂತೀರೇನೋ) ಮತ್ತ ಬೇರಿಗೆ ಲೋಳಿ ಹಂಗ ಅಂಟಿಕೊಂಡಿರೋ ಬ್ಯಾಕ್ಟೀರಿಯಾ. ಗಿಡ ಏನ್ ಮಾಡತೈತಿ ಅಂದ್ರ ಅವಕ್ಕ ಮನಿ ಕೊಡತೈತಿ, ಬೇರಿನ ಮೂಲಕ ಒಂಚೂರು ಆಕ್ಸಿಜನ್ ಇಳಿಸತೈತಿ, ಖಡಿ ಸಂದಿ ಮುಚ್ಚಿ ಹೋಗದಂಗ ಸಡಿಲ ಇಡತೈತಿ. ಅದಕ್ಕ ಕೆರಿ ದಂಡಿಗೆ ಸುಮ್ಮನ ನಾಕು ಕ್ಯಾನಾ ಹಚ್ಚಿದ್ರ ಹೂವು ಚಂದ ಬರ್ತಾವ ಅಷ್ಟ, ನೀರು ಬೇರಿನೊಳಗ ಹಾಯ್ದು ಹೋಗಬೇಕಲ್ಲ.

ನಮ್ಮ ಮನ್ಯಾಗ 7 ಮಂದಿ, ಬಚ್ಚಲ, ಅಡಗಿ ಮನಿ, ಅರಿಬಿ ಒಗಿಯೋ ನೀರು ಕೂಡಿ ದಿನಕ್ಕ ಸುಮಾರು 350 ಲೀಟರ್. 4 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂ.ಮೀ ಆಳ ತೆಗ್ಗು ತೋಡಿದ್ವಿ. ಅದರಾಗ ಖಡಿ ತುಂಬಿದ್ರ ಸಂದಿ ಉಳಿಯೂದು ನೂರಕ್ಕ 40ರಷ್ಟು, ಅಂದ್ರ 1,900 ಲೀಟರ್ ಹಿಡೀತೈತಿ, ನೀರು 5 ದಿನ ಒಳಗ ಇರತೈತಿ. 3 ದಿನ ಇದ್ರೂ ನಡೀತೈತಿ. ನಮ್ದು ಎರಿ ಮಣ್ಣು, ಬೇಸಿಗ್ಯಾಗ ಕೈ ಹೋಗೋವಷ್ಟು ಬಿರುಕು ಬಿಡತೈತಿ, ಹಂಗಾಗಿ ಕೃಷಿ ಹೊಂಡಕ್ಕ ಹಾಸ್ತಾರಲ್ಲ ಆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿದ್ವಿ. ನೀರು ಖಡಿ ಮಟ್ಟಕ್ಕಿಂತ 2-3 ಇಂಚು ಕೆಳಗ ಇರಬೇಕು, ಹೊರಗ ಹೋಗೋ ಪೈಪಿಗೆ ಎಲ್ಬೋ (ಮೊಣಕೈ ಹಂಗ ಬಾಗಿದ ಜೋಡಣಿ) ಹಾಕಿ ಅದನ್ನ ಹೊಳ್ಳಿಸಿ ಮಟ್ಟ ಹಿಡೀಬೇಕು. ಮ್ಯಾಲ ನೀರು ಕಾಣಲಿಲ್ಲ ಅಂದ್ರ ಗುಂಗಾಡು ಬರಂಗಿಲ್ಲ.

ನಾ ಕೆಡಿಸಿದ್ದು ಎಲ್ಲಿ ಅಂದ್ರ, ಖಡಿ ತೊಳೀದೆ ಪುಡಿ ಸಮೇತ ಸುರಿದೆ, ಮುಸುರಿ ನೀರು ನೇರ ಬಿಟ್ಟೆ. ಆರು ತಿಂಗಳಿಗೆ ಎಣ್ಣಿ, ಅನ್ನದ ಅಗಳು, ಸೋಪಿನ ಜಿಡ್ಡು ಕೂಡಿ ಮುಂದಿನ ಭಾಗ ಪೂರ್ತಿ ಕಟ್ಟಿಬಿಡ್ತು, ನೀರು ಮ್ಯಾಲ ನಿಂತು ನಾರಾಕ ಹತ್ತಿ, ನಮ್ಮವ್ವ ಇದಕ್ಕಿಂತ ಗಟಾರ ಚಲೋ ಇತ್ತಲ್ಲೋ ಅಂದ್ಲು. ಎಲ್ಲಾ ಖಡಿ ಬಗದು ತೊಳದು ಮತ್ತ ತುಂಬಿದ್ವಿ. ಈಗ ಮುಂದ ಎರಡು ಸಿಮೆಂಟ್ ರಿಂಗಿನ ಗುಂಡಿ ಅದಾವ, ಕೆಸರು ತಳಕ್ಕ ಕೂಡತೈತಿ, ಎಣ್ಣಿ ಮ್ಯಾಲ ತೇಲತೈತಿ, ನಡುವಿನ ನೀರಷ್ಟ ಮುಂದ ಹೋಗತೈತಿ. ರೊಕ್ಕ ಕಡಿಮಿ ಇದ್ರ ಬೇರೆದ್ರಾಗ ಉಳಸ್ರಿ, ಈ ಗುಂಡ್ಯಾಗ ಉಳಸಬ್ಯಾಡ್ರಿ, ತಿಂಗಳಿಗೊಮ್ಮೆ ಜಿಡ್ಡು ತೆಗಿಯೂದೂ ತಪ್ಪಸಬ್ಯಾಡ್ರಿ.

ಇನ್ನೊಂದು ನಮ್ಮ ರಾಯಚೂರು-ಕೊಪ್ಪಳ ಸೀಮಿ ಮಂದಿಗೆ ಹೇಳಬೇಕಾದ್ದು ಉಪ್ಪಿನ ಮಾತು. ಬೋರಿನ ನೀರು ಮೊದಲ ಸವಳು, ಈ ಪದ್ಧತಿ ಉಪ್ಪು ತೆಗಿಯಂಗಿಲ್ಲ, ಫ್ಲೋರೈಡ್‌ಗೂ ಇದನ್ನ ನಂಬಬ್ಯಾಡ್ರಿ. ಎಪ್ರಿಲ್-ಮೇ ಬಿಸಲಿಗೆ ಕ್ಯಾನಾ ನೀರು ಕುಡಿದು ಕುಡಿದು ಹೊರಗ ಬರೂ ನೀರು ಕಡಿಮಿ ಆಗತೈತಿ, ಅದರಾಗ ಉಪ್ಪು ಹೋದಾಗಿನಕಿಂತ ಜಾಸ್ತಿ. ನಿಂಬಿ ಗಿಡಕ್ಕ ಬಿಟ್ಟೆ, ಎಲಿ ತುದಿ ಸುಟ್ಟಂಗ ಆತು. ತೆಂಗಿಗೆ ಬಿಟ್ಟೀನಿ, ಅದು ತಡಕೊಂಡೈತಿ.

ಓಣಿ ಲೆಕ್ಕ ಹಿಡಿದ್ರ ಮಂದಿಗೆ ಒಂದು ಚದರ ಮೀಟರ್ ಅನ್ರಿ, 1,000 ಮಂದಿಗೆ ಹತ್ತು ಗುಂಟೆ, ಕೆಸರು ಗುಂಡಿ ಬ್ಯಾರೆ. ಸಂಡಾಸದ ನೀರೂ ಕೂಡತೈತಿ ಅಂದ್ರ ಇದರ ಎರಡು ಮೂರು ಪಟ್ಟು ಹಿಡೀರಿ. ಅದಕ್ಕ ಮನಿಮನಿಗೆ ಇಂಗು ಗುಂಡಿ ಆಗೂದಿದ್ರ ಆಗಲಿ, ಉಳಿದ ನೀರಿಗಷ್ಟ ಇದು ಸಾಕು. ಬಳ್ಳಾರಿ ಗೆಳೆಯ ಒಬ್ಬಾಂವ ಜೀನ್ಸ್ ವಾಷಿಂಗ್ ನೀರಿಗೂ ನಡೀತೈತೇನು ಅಂದ. ಬಣ್ಣ, ಕೆಮಿಕಲ್ ಮೊದಲ ಬ್ಯಾರೆ ರೀತಿ ತೆಗೀದ ಬರೇ ಗಿಡದಿಂದ ಆಗಂಗಿಲ್ಲ ಅಂದೆ. ಅಂಥಾ ನೀರಾಗ ಬೆಳೆದ ಗಿಡ ಕೊಯ್ದು ಎಮ್ಮಿಗೂ ಹಾಕಬಾರ್ದು, ಲೋಹ ಇದ್ರ ಗಿಡದಾಗ ಉಳದಿರತೈತಿ.

ಜಲಕಳೆ, ಆ ನೇರಳೆ ಹೂವಿಂದು, ಯಾರು ಹೇಳಿದ್ರೂ ಕೆರಿಗೆ ಬಿಡಬ್ಯಾಡ್ರಿ, ಒಂದ್ ವರ್ಷಕ್ಕ ಕೆರಿ ಕಾಣಂಗಿಲ್ಲ. ಕ್ಯಾನಾ ಗಡ್ಡಿ ರೊಕ್ಕ ಕೊಟ್ಟು ತರೂದು ಬ್ಯಾಡ, ಪಾರ್ಕಿನ್ಯಾಗ ಸವರಿ ಒಗದಿರ್ತಾರ, ಕೇಳಿ ತಗೊಂಡು ಬಂದು ಮೊದಲ ಮಳಿ ಬಿದ್ದ ಮ್ಯಾಲ ಹಚ್ರಿ, ಒಂದು ಚದರ ಮೀಟರಿಗೆ ನಾಕು ಗಡ್ಡಿ ಸಾಕು.