ಗುಳಿಗೆಗಳನ್ನು ನೋಡಿ ಕಾಯಿಲೆ ತಿಳಿಯಬಹುದೇ?

ಪ್ರಶ್ನೆ: ಎದೆನೋವೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿದ್ದ ನಮ್ಮ ಅಪ್ಪಯ್ಯ ಮನೆಗೆ ಬಂದಿದ್ದಾರೆ. ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75, ಅಟೊರ್ವಾಸ್ಟಾಟಿನ್ 40, ಮೆಟೊಪ್ರೊಲಾಲ್ 25 ಮತ್ತು ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಗುಳಿಗೆಗಳಿವೆ. ಅಣ್ಣ ಇದು ಬರೀ ಗ್ಯಾಸ್ ಎನ್ನುತ್ತಾನೆ. ನಿಜವೇ?
– ಓದುಗರು, ಶಿರಸಿ

ಉತ್ತರ: ಗ್ಯಾಸ್ಟ್ರಿಕ್ ಒಂದಕ್ಕೇ ಇಷ್ಟು ಗುಳಿಗೆಗಳನ್ನು ಯಾರೂ ಬರೆಯುವುದಿಲ್ಲ. ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟಿ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್‌ಗಳನ್ನು ಒಟ್ಟಿಗೆ ಕೊಡುವುದು ಸಾಮಾನ್ಯವಾಗಿ ಹೃದಯಾಘಾತದ ನಂತರ ಅಥವಾ ರಕ್ತನಾಳಕ್ಕೆ ಸ್ಟೆಂಟ್ (ಅದನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿದಾಗ. ಲಘು ಪಾರ್ಶ್ವವಾಯುವಿನ ಬಳಿಕವೂ ಕೆಲವು ವಾರ ಕೊಡುವುದುಂಟು. ಅಟೊರ್ವಾಸ್ಟಾಟಿನ್ 40 ಕೊಲೆಸ್ಟರಾಲನ್ನು ಬಲವಾಗಿ ಇಳಿಸುವ ಪ್ರಮಾಣ. ಎದೆನೋವಿನ ಹಿನ್ನೆಲೆಯೊಂದಿಗೆ ನೋಡಿದರೆ ಇವು ಹೃದಯದ ರಕ್ತನಾಳದ ಕಾಯಿಲೆಯತ್ತಲೇ ಬೆರಳು ಮಾಡುತ್ತವೆ.

ಮೆಟೊಪ್ರೊಲಾಲ್ ಒಂದನ್ನೇ ನೋಡಿದರೆ ಇಷ್ಟು ಹೇಳಲಾಗದು, ಏಕೆಂದರೆ ಅದನ್ನು ಬಿ.ಪಿ.ಗೂ ಮೈಗ್ರೇನ್ ತಡೆಗೂ ಕೊಡುತ್ತಾರೆ. ನಿಮ್ಮ ಅಣ್ಣನಿಗೆ ಗ್ಯಾಸ್ ಎನಿಸಲು ಕಾರಣವಾದ ಪ್ಯಾಂಟೊಪ್ರಜೋಲ್ ಇಲ್ಲಿ ಬಹುಶಃ ಮೊದಲೆರಡು ಗುಳಿಗೆಗಳಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗದಿರಲೆಂದು ಬರೆದ ಕಾವಲು ಮಾತ್ರ.

ಆದರೂ ಚೀಟಿಯಿಂದ ಕಾಯಿಲೆಯ ತೀವ್ರತೆ ತಿಳಿಯದು. ಡಿಸ್ಚಾರ್ಜ್ ಸಮರಿ, ಎಕೋ (ಹೃದಯದ ಸ್ಕ್ಯಾನ್) ಮತ್ತು ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಚಿತ್ರ) ವರದಿಗಳಿದ್ದರೆ ಶಿರಸಿಯ ನಿಮ್ಮ ವೈದ್ಯರಿಗೆ ತೋರಿಸಿ, ಸ್ಟೆಂಟ್ ಹಾಕಿದ್ದಾರೆಯೇ ಎಂದು ಕೇಳಿ. ಹಾಕಿದ್ದರೆ, ಹಲ್ಲು ಕೀಳಿಸುವ ಸಂದರ್ಭದಲ್ಲಿಯೂ ಹೃದಯ ವೈದ್ಯರನ್ನು ಕೇಳದೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಗುಳಿಗೆಗಳನ್ನು ದಯವಿಟ್ಟು ನಿಲ್ಲಿಸಬೇಡಿ. ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಅಪಾಯವಾಗಬಹುದು. ಮಲ ಡಾಂಬರಿನಂತೆ ಕಪ್ಪಾದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಿರಬಹುದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.